ಕಿಡ್ನಿ ಕಸಿಯಾದವರಿಗೆ 28 ಖಾನೆಯ ಮಾತ್ರೆ ಡಬ್ಬಿ: ಕೊಳ್ಳಿ, ಆದರೆ ಪೂರ್ತಿ ತುಂಬಬೇಡಿ

ಏಳು ದಿನ, ದಿನಕ್ಕೆ ನಾಲ್ಕು ಖಾನೆ. ಆನ್‌ಲೈನ್‌ನಲ್ಲಿ 200ರಿಂದ 500 ರೂಪಾಯಿ ಆಸುಪಾಸಿನಲ್ಲಿ ಸಿಗುವ ಪ್ಲಾಸ್ಟಿಕ್ ಡಬ್ಬಿ. ಬಿಪಿ, ಶುಗರ್ ಮಾತ್ರೆ ನುಂಗುವವರಿಗೆ ಇದರಲ್ಲಿ ಹೆಸರಿಡುವಂಥದ್ದು ಏನೂ ಇಲ್ಲ. ಕಿಡ್ನಿ ಕಸಿಯಾದವರಿಗೆ ಮಾತ್ರ ಲೆಕ್ಕ ಬೇರೆ.

ಕಸಿಯಾಗಿ ಮನೆಗೆ ಹೋದವರು ಮತ್ತೆ ಅಡ್ಮಿಟ್ ಆಗುವುದು ಅಪರೂಪವಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ದಾಖಲೆಗಳ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ. 31 ಮಂದಿ 30 ದಿನದೊಳಗೆ ಆಸ್ಪತ್ರೆಗೆ ವಾಪಸಾಗಿದ್ದರು. ಮೂತ್ರದ ಸೋಂಕು, ಭೇದಿಯಿಂದ ಮೈಯ ನೀರು ಹೋಗುವುದು, ಗಾಯದ ತೊಂದರೆ ಇವನ್ನು ಯಾವ ಡಬ್ಬಿಯೂ ತಡೆಯುವುದಿಲ್ಲ. ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸದಂತೆ ಕಾಯುವ ಔಷಧ ಟ್ಯಾಕ್ರೊಲಿಮಸ್. ರಕ್ತದಲ್ಲಿ ಅದರ ಲೆವೆಲ್ ಏರುಪೇರಾಗಿ, ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್ ಮೇಲೇರುತ್ತದಲ್ಲ, ಡಬ್ಬಿ ಕೈಹಿಡಿಯುವುದೂ ಅಲ್ಲೇ, ಕೈಕೊಡುವುದೂ ಅಲ್ಲೇ.

ದೊಡ್ಡ ಅಪಾಯ ರಕ್ತಪರೀಕ್ಷೆಯ ದಿನದ್ದು. ಟ್ಯಾಕ್ರೊಲಿಮಸ್ ಲೆವೆಲ್‌ಗೆ ರಕ್ತ ಕೊಡಬೇಕಾದ್ದು, ದಿನಕ್ಕೆರಡು ಸಲದ ಮಾತ್ರೆಯಾದರೆ ಹಿಂದಿನ ಡೋಸ್ ಆಗಿ 12 ಗಂಟೆಗೆ, ಬೆಳಗಿನ ಮಾತ್ರೆಗೆ ಮುಂಚೆ. ತುಂಬಿಟ್ಟ ಖಾನೆ ಕಂಡರೆ ಕೈ ತಾನಾಗಿ ಮುಚ್ಚಳ ತೆಗೆಯುತ್ತದೆ. ನುಂಗಿ ಹೋಗಿ ರಕ್ತ ಕೊಟ್ಟರೆ ಲೆವೆಲ್ ಸುಳ್ಳೇ ಹೆಚ್ಚು ಬರುತ್ತದೆ, ಡಾಕ್ಟರು ಡೋಸ್ ಇಳಿಸುತ್ತಾರೆ, ನಿಜವಾದ ಲೆವೆಲ್ ಕುಸಿಯುತ್ತದೆ, ರಿಜೆಕ್ಷನ್‌ಗೆ (ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸುವುದಕ್ಕೆ) ದಾರಿಯಾಗುತ್ತದೆ. ಆ ದಿನದ ಬೆಳಗಿನ ಖಾನೆಗೆ ಹಿಂದಿನ ರಾತ್ರಿಯೇ ಕೆಂಪು ಟೇಪ್ ಅಂಟಿಸಿ, ಆ ಟ್ಯಾಕ್ರೊಲಿಮಸ್ಸನ್ನು ಚೀಲದಲ್ಲಿ ಒಯ್ಯಿರಿ. ರಕ್ತ ಕೊಟ್ಟ ಕೂಡಲೇ ನುಂಗಿದರಾಯಿತು.

ಎರಡನೆಯದು, ಹಳೆಯ ಡೋಸ್. ಮೊದಲ ಒಂದೆರಡು ತಿಂಗಳು ರಿಪೋರ್ಟ್ ಬಂದಂತೆಲ್ಲ ಡೋಸ್ ಬದಲಾಗುತ್ತದೆ. ಸಂಜೆ ಫೋನಿನಲ್ಲಿ ‘ನಾಳೆಯಿಂದ ಅರ್ಧ ಮಿ.ಗ್ರಾಂ ಕಡಿಮೆ ಮಾಡಿ’ ಅನ್ನುತ್ತಾರೆ, ಡಬ್ಬಿಯಲ್ಲಿ ಭಾನುವಾರದ ತನಕ ಹಳೆಯ ಲೆಕ್ಕವೇ ಕೂತಿರುತ್ತದೆ. ಅದಕ್ಕೇ ಆ ಅವಧಿಯಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ತುಂಬಬೇಡಿ. ಏಳು ದಿನದ ಡಬ್ಬಿ ಕೊಂಡು ಮೂರು ದಿನ ತುಂಬುವುದು ಮೂರ್ಖತನದಂತೆ ಕಂಡರೂ ಸರಿಯೇ.

ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಹಾಕಬೇಡಿ. ಟ್ಯಾಕ್ರೊಲಿಮಸ್ ಕ್ಯಾಪ್ಸೂಲ್‌ಗೆ ತೇವ ಆಗದು, ಮಂಗಳೂರು ಕಡೆಯ ಮಳೆಗಾಲದಲ್ಲಿ ಈ ಮುಚ್ಚಳಗಳು ತೇವ ತಡೆಯುತ್ತವೆಂದು ನಂಬಬೇಡಿ. ಬಿಡಿಸಿಟ್ಟರೆ 0.5 ಯಾವುದು, 1 ಯಾವುದು, ದಿನಕ್ಕೊಮ್ಮೆಯದು ಯಾವುದು, ಎರಡು ಸಲದ್ದು ಯಾವುದು ಅನ್ನುವುದೂ ಗೊತ್ತಾಗುವುದಿಲ್ಲ. ಕತ್ತರಿಯಿಂದ ಸ್ಟ್ರಿಪ್ ತುಂಡು ಮಾಡಿ ಹಾಗೇ ಇಡಿ, ಹೆಸರಿರುವ ತುದಿಯನ್ನು ಕೊನೆಯಲ್ಲಿ ಬಳಸಿ. ಮೈಕೊಫಿನೊಲೇಟ್‌ (ಇದೂ ರಿಜೆಕ್ಷನ್ ತಡೆಯುವ ಔಷಧ) ಕ್ಯಾಪ್ಸೂಲ್ ಬಿಚ್ಚುವುದು, ಮಾತ್ರೆ ಪುಡಿ ಮಾಡುವುದು ಸಲ್ಲದು. ಅದು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು, ಡಬ್ಬಿ ತುಂಬುವವರು ಗರ್ಭಿಣಿಯಾಗಿದ್ದರೆ ಆ ಕೆಲಸ ಬೇರೆಯವರಿಗೆ ಬಿಡಲಿ.

ಸ್ಟ್ರಿಪ್ ತುಂಡು ಸಮೇತ ಇಡುವುದರಿಂದ ಖಾನೆ ದೊಡ್ಡದಿರಬೇಕು. ಮೈಕೊಫಿನೊಲೇಟ್ 500ರ ಎರಡು ಮಾತ್ರೆಯ ತುಂಡು ಹಾಕಿ ಮುಚ್ಚಳ ಕೂರುತ್ತದೋ ನೋಡಿ. ಚಿಕ್ಕ ಡಬ್ಬಿಗಳು ಇಲ್ಲೇ ಸೋಲುತ್ತವೆ. ಒಂದು ದಿನದ ಖಾನೆಗಳ ಸಾಲನ್ನಷ್ಟೇ ಬಿಚ್ಚಿ ಒಯ್ಯುವಂಥದ್ದು ಮೇಲು.

ಮುಚ್ಚಳದ ಮೇಲಿನ ‘ಬೆಳಿಗ್ಗೆ’, ‘ರಾತ್ರಿ’ ಅನ್ನುವ ಬರಹ ದಾರಿ ತಪ್ಪಿಸುತ್ತದೆ. ಇಲ್ಲಿ ಊಟದ ಹೊತ್ತಲ್ಲ, ದಿನಕ್ಕೆರಡು ಸಲದ ಮಾತ್ರೆಗೆ 12 ಗಂಟೆಯ ಅಂತರ ಮುಖ್ಯ. ಮಾರ್ಕರ್‌ನಲ್ಲಿ 9, 9 ಎಂದು ಬರೆದು ಮೊಬೈಲ್ ಅಲಾರಂ ಇಡಿ. ಡೋಸ್ ತಪ್ಪಿದರೆ ಮುಂದಿನದಕ್ಕೆ ಎರಡು ಸೇರಿಸಬೇಡಿ, ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್‌ಗೆ ಫೋನ್ ಮಾಡಿ.

ಡಬ್ಬಿ ಅಚ್ಚುಕಟ್ಟಾಗಿದ್ದೂ ಲೆವೆಲ್ ಏರಿದರೆ ಅಡುಗೆಮನೆ, ಮೆಡಿಕಲ್ ಶಾಪ್ ಎರಡನ್ನೂ ವಿಚಾರಿಸಿ. ಚಕ್ಕೋತ ಲೆವೆಲ್ ಏರಿಸುತ್ತದೆ, ದೇವನಹಳ್ಳಿಯದಾದರೂ ಅಷ್ಟೇ. ಫಂಗಸ್ ಸೋಂಕಿನ ಫ್ಲುಕೊನಜೋಲ್, ಆ್ಯಂಟಿಬಯೋಟಿಕ್ ಕ್ಲಾರಿತ್ರೊಮೈಸಿನ್ ಕೂಡ ಏರಿಸುತ್ತವೆ, ಭೇದಿಯೂ ಏರಿಸಬಹುದು. ಮೈಕೈ ನೋವಿಗೆ ಅಂತ ಯಾರೋ ಕೊಟ್ಟ ಡೈಕ್ಲೊಫಿನಾಕ್‌ ಲೆವೆಲ್ಲನ್ನು ಮುಟ್ಟದೆಯೂ ಕಸಿ ಕಿಡ್ನಿಗೆ ಏಟು ಕೊಡುತ್ತದೆ. ಅದಕ್ಕೆ ಈ ಡಬ್ಬಿಯಲ್ಲಿ ಖಾನೆಯೇ ಬೇಡ.