ಮಕ್ಕಳಿಗೆ ಫ್ರೀಸ್ಟೈಲ್ ಬಿಎಂಎಕ್ಸ್: ಯಾವುದು ತಗೊಂಡರೆ ಒಳ್ಳೆಯದು?

ಮಗನಿಗೆ ತಂದ ಫ್ರೀಸ್ಟೈಲ್ ಬಿಎಂಎಕ್ಸ್ ಸೈಕಲ್ ನಮಗೆ ತುಂಬ ಹಿಡಿಸಿದೆ. 20 ಇಂಚಿನ ಚಕ್ರ, ಗೇರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ. ದಿನಾ ಸ್ಕೂಲಿಗೆ ಹೋಗಿಬರೋಕೆ ಇದು ಬೇಡ, ಸೀಟು ತೀರಾ ತಗ್ಗು, ಕೂತು ತುಳಿದರೆ ಮಂಡಿ ಎದೆಗೇ ಬರುತ್ತದೆ. ಇದು ನಿಂತು ಓಡಿಸುವ, ಹಾರಿಸುವ ಸೈಕಲ್.

ಮೊದಲು ಹೋದ ಅಂಗಡಿಯಲ್ಲಿ, ಹ್ಯಾಂಡಲ್‌ಗೆ ಸ್ಪಂಜು, ಹಿಂದೆ ಪೆಗ್ (ಚಕ್ರದ ಅಚ್ಚಿಗೆ ಹಾಕುವ, ಕಾಲಿಡುವ ಕೊಳವೆ) ಇದ್ದರೆ ಅದೇ ಬಿಎಂಎಕ್ಸ್ ಅಂದರು. ನಂಬಬೇಡಿ. ಬಗ್ಗಿ ಕ್ರ್ಯಾಂಕ್ (ಪೆಡಲ್ ಕೂರಿಸುವ ತೋಳು) ನೋಡಿ. ಒಂದೇ ಕಂಬಿ ಬಗ್ಗಿಸಿ ಮಾಡಿದ್ದಾದರೆ ಜಂಪ್ ಮಾಡಿ ಮಾಡಿ ಸೊಟ್ಟಗಾಗುತ್ತದೆ, ಎರಡೂ ಕಡೆ ಬೋಲ್ಟ್ ಹಾಕಿ ಬಿಗಿದ ಮೂರು ಭಾಗದ್ದು ತಡೆಯುತ್ತದೆ. ಪೂರ್ತಿ ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಫ್ರೇಮ್ ಗಟ್ಟಿ, ಹಗುರ, ಆದರೆ ಬೆಲೆ ಜಾಸ್ತಿ. ಈಗಷ್ಟೇ ಕಲಿಯುವವರಿಗೆ ಹೈಟೆನ್ಸೈಲ್ ಸ್ಟೀಲ್, ಅಂದರೆ ಸಾಧಾರಣ ಉಕ್ಕಿನ ಫ್ರೇಮ್ ಸಾಕು.

ಅಳತೆ ಮಾತ್ರ ಸರಿಯಾಗಿ ನೋಡಿ. ಚಕ್ರ 20 ಇಂಚೇ ಇದ್ದರೂ ಟಾಪ್ ಟ್ಯೂಬ್ (ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕಂಬಿ) ಉದ್ದ ಬೇರೆ ಬೇರೆ ಇರುತ್ತದೆ: ದೊಡ್ಡವರಿಗೆ 20.5–21 ಇಂಚು, ಹತ್ತು ವರ್ಷದ ಆಸುಪಾಸಿನವರಿಗೆ 18–19. ಬೆಳೆಯುವ ಮಗು ಅಲ್ವಾ, ದೊಡ್ಡದೇ ಇರಲಿ ಅಂತ ತಗೊಂಡರೆ ಮುಂದಿನ ಚಕ್ರ ಎತ್ತೋಕೇ ಒದ್ದಾಡುತ್ತವೆ ಪಾಪ. ಇನ್ನೂ ಪುಟ್ಟವರಿಗೆ 16 ಅಥವಾ 18 ಇಂಚಿನ ಚಕ್ರದ್ದೇ ಸರಿ.

ಬ್ರೇಕ್ ಇಲ್ಲದ ಮಾಡೆಲ್ ಮಕ್ಕಳಿಗೆ ಕೊಡಲೇಬೇಡಿ. ಹೆಲ್ಮೆಟ್ಟಿನ ದುಡ್ಡು ಮೊದಲೇ ತೆಗೆದಿಟ್ಟು ಉಳಿದಿದ್ದರಲ್ಲಿ ಸೈಕಲ್ ನೋಡಿ.