ನೌಕಾಪಡೆಯ ತೆರವು ಸೇವೆ: ಹಡಗಿಗೆ ಪೂರ್ತಿ ಅಂಕ, ಬಂದರಿನ ದಾರಿಗೆ ಅರ್ಧ

ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ, ಹೊರಡುವ ಹೊತ್ತನ್ನು ಯಾರೂ ಮೊದಲೇ ಹೇಳುವುದಿಲ್ಲ. ಆದರೂ ಹೊರದೇಶದಲ್ಲಿ ಗುಂಡು ಹಾರುತ್ತಿರುವಾಗ, ವಿಮಾನ ನಿಲ್ದಾಣ ಮುಚ್ಚಿರುವಾಗ, ಭಾರತೀಯರಿಗೆ ಸಿಗುವ ನೆರವಿನಲ್ಲಿ, ನಮ್ಮ ನೌಕಾಪಡೆ ಹಡಗು ಕಳಿಸಿ ಕರೆತರುವ ಈ ಸೇವೆಯಷ್ಟು ನಂಬಿಕಸ್ತವಾದದ್ದು ಕಡಿಮೆ. 2006ರಲ್ಲಿ ಲೆಬನಾನ್, 2015ರಲ್ಲಿ ಯೆಮೆನ್, 2023ರಲ್ಲಿ ಸುಡಾನ್: ಮೂರು ಕಡೆಯೂ ಅದೇ ಗುಣ, ಅದೇ ಕೊರತೆ.

ವೇಗದಿಂದ ಶುರು ಮಾಡೋಣ. ಐಎನ್‌ಎಸ್ ಸುಮಿತ್ರಾ 2015ರ ಮಾರ್ಚ್ 31ರಂದು ಯೆಮೆನ್ನಿನ ಏಡನ್ ಬಂದರು ಹೊಕ್ಕು 349 ಜನರನ್ನು ಕೊಲ್ಲಿಯಾಚೆಯ ಜಿಬೂಟಿ ದೇಶಕ್ಕೆ ದಾಟಿಸಿತು. ಅಷ್ಟು ಬೇಗ ಸಾಧ್ಯವಾದದ್ದು ಅದು ಆಗಲೇ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ಕಾವಲಿಗಿದ್ದುದರಿಂದ. ಮುಂಬೈ, ಕೊಚ್ಚಿಯಿಂದ ಹೊರಟ ಹಡಗುಗಳಿಗೆ ಇನ್ನೂ ಕೆಲವು ದಿನ ಹಿಡಿಯಿತು. ಹತ್ತಿರ ಹಡಗಿದ್ದರೆ ಗಂಟೆಗಳ ಮಾತು, ಇಲ್ಲದಿದ್ದರೆ ದಿನಗಳದ್ದು.

ಸೌಕರ್ಯ? ಅದನ್ನು ಕೇಳಲೇಬಾರದು. 2023ರ ಏಪ್ರಿಲ್ 25ರಂದು ಪೋರ್ಟ್ ಸುಡಾನ್‌ನಿಂದ ಮೊದಲ ತಂಡದ 278 ಮಂದಿಯನ್ನು ಜೆಡ್ಡಾಕ್ಕೆ ಒಯ್ದ ಐಎನ್‌ಎಸ್ ಸುಮೇಧಾ 105 ಮೀಟರ್ ಉದ್ದದ ಗಸ್ತು ಹಡಗು. ನೂರು ಚಿಲ್ಲರೆ ಸಿಬ್ಬಂದಿಗೆಂದು ಕಟ್ಟಿದ ಶೌಚಾಲಯ, ಅಡುಗೆಮನೆಯಲ್ಲೇ ಎಲ್ಲರದ್ದೂ ನಡೆಯಬೇಕು. ಸುಮಾರು 300 ಕಿ.ಮೀ. ದೂರವನ್ನು 16 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 30 ಕಿ.ಮೀ.ನಂತೆ, ಕ್ರಮಿಸಲು ಹತ್ತು ಗಂಟೆ ಬೇಕು. ಗಸ್ತು ಹಡಗು ಹೊಯ್ದಾಡುತ್ತದೆ; ಹೊಟ್ಟೆ ತೊಳಸುವವರು ಹತ್ತುವ ಮೊದಲೇ ವಾಂತಿ ಮಾತ್ರೆ ನುಂಗಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಆಚೆ ಬರುತ್ತದೆ.

ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಒಂದೇ ಚೀಲ ಸಾಕು. ದಡದಲ್ಲಿ ಗುಂಡಿನ ಕಾಳಗ ಜೋರಾದರೆ ಹಡಗು ಬಂದರುಕಟ್ಟೆಗೆ ಬರದೆ ಹೊರಗೇ ನಿಲ್ಲುತ್ತದೆ, ಜನ ಸಣ್ಣ ದೋಣಿಗಳಲ್ಲಿ ಹೋಗಬೇಕು. ಏಡನ್‌ನಲ್ಲಿ ಐಎನ್‌ಎಸ್ ಮುಂಬೈಗೆ ಹೀಗೇ ಆಯಿತು. ಅಲುಗಾಡುವ ದೋಣಿಯಿಂದ ಏಣಿ ಹಿಡಿಯಲು ಎರಡೂ ಕೈ ಖಾಲಿ ಇರಬೇಕು.

ಇನ್ನು ನಿಜವಾದ ಕೊರತೆ: ಸೇವೆ ಶುರುವಾಗುವುದೇ ಬಂದರಿನಿಂದ. ಸುಡಾನ್ ರಾಜಧಾನಿ ಖಾರ್ಟೂಮ್‌ನಿಂದ ಪೋರ್ಟ್ ಸುಡಾನ್‌ಗೆ ರಸ್ತೆಯಲ್ಲಿ ಸುಮಾರು 850 ಕಿ.ಮೀ. ನಮ್ಮ ಹಕ್ಕಿಪಿಕ್ಕಿ ಜನರಲ್ಲಿ ಕೆಲವರು ಸಿಕ್ಕಿಬಿದ್ದಿದ್ದ ಎಲ್ ಫಾಶರ್, ಖಾರ್ಟೂಮ್‌ಗಿಂತಲೂ ನೂರಾರು ಕಿ.ಮೀ. ಪಶ್ಚಿಮಕ್ಕಿದೆ. ಬಸ್ಸು, ಡೀಸೆಲ್, ದಾರಿಯ ತಪಾಸಣಾ ಠಾಣೆಗಳು ಇವೆಲ್ಲ ಕದನವಿರಾಮದ ಗಡುವಿನೊಳಗೆ ಕೂಡಿಬರಬೇಕು. ಖಾರ್ಟೂಮ್ ಹತ್ತಿರದ ವಾದಿ ಸಯ್ಯಿದ್ನಾ ಎಂಬಲ್ಲಿ 121 ಮಂದಿಯನ್ನು ವಾಯುಪಡೆಯ ಸಿ-130ಜೆ ಸಾಗಣೆ ವಿಮಾನ ರಾತ್ರಿಯಲ್ಲಿ ಇಳಿದು ಕರೆತಂದದ್ದು ಅವರು ಬಂದರು ತಲುಪುವ ಸ್ಥಿತಿಯಲ್ಲಿ ಇರಲಿಲ್ಲವೆಂದೇ.

ಕಾಗದಪತ್ರದ ವಿಷಯದಲ್ಲಿ ಎಡವುವವರೇ ಹೆಚ್ಚು. ಗಲಾಟೆಗೆ ಮೊದಲೇ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನ್ ನೋಂದಾಯಿಸಿರಬೇಕು. ಪಟ್ಟಿಯಲ್ಲಿಲ್ಲದವರನ್ನು ಹುಡುಕುವುದೇ ಕಷ್ಟ. ಪಾಸ್‌ಪೋರ್ಟ್ ಕೆಲಸ ಕೊಟ್ಟ ಮಾಲೀಕನ ಬಳಿ ಸಿಕ್ಕಿಹಾಕಿಕೊಂಡಿದ್ದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬೇಕು. ಅದು ಭಾರತಕ್ಕೆ ಬರಲು ಮಾತ್ರ, ಒಂದೇ ಸಲ. ಇನ್ನೊಂದು, ಯಾರೂ ನೆನಪಿಡದ್ದು: ಹಳದಿ ಜ್ವರದ ಲಸಿಕೆ ಕಾರ್ಡ್. ಅದಿಲ್ಲದ ಕಾರಣಕ್ಕೆ ಸುಡಾನ್‌ನಿಂದ ಬಂದ ಹಲವರು ತಾಯ್ನಾಡು ಮುಟ್ಟಿಯೂ ಮನೆ ಸೇರದೆ ಕ್ವಾರಂಟೈನ್‌ನಲ್ಲಿ ಕೂತರು.