ಪಂಚಾಯಿತಿ ಮಾಡದ ಥೆರಪಿಸ್ಟ್: ಎರಡು ವರ್ಷ ಫ್ಯಾಮಿಲಿ ಥೆರಪಿ ಬಳಸಿದ ಮೇಲೆ

ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಒಬ್ಬರೇ ಥೆರಪಿಸ್ಟ್ ಹತ್ತಿರ ಎರಡು ವರ್ಷ ಮೂರೂ ಬಗೆಯ ಸೆಷನ್ ತೆಗೆದುಕೊಂಡ ಮೇಲೆ ಬರೆದದ್ದಿದು: ಗಂಡ ಹೆಂಡತಿ ಜೊತೆಯಾಗಿ, ಒಬ್ಬೊಬ್ಬರೇ, ಮನೆಮಂದಿಯೆಲ್ಲ ಸೇರಿ. ಕ್ಲಿನಿಕ್ ಹೆಸರು ಹಾಕುತ್ತಿಲ್ಲ. ಥೆರಪಿಸ್ಟರನ್ನು ಹೆಸರು ನೋಡಿ ಆರಿಸುವುದಕ್ಕಿಂತ ಕೆಲಸ ಮಾಡುವ ರೀತಿ ನೋಡಿ ಆರಿಸುವುದು ಮುಖ್ಯ, ಆ ರೀತಿ ಹೇಗಿರಬೇಕು ಅನ್ನುವುದೇ ಇಲ್ಲಿನ ವಿಷಯ.

ನಮ್ಮಲ್ಲಿ ಸಂಸಾರದ ಜಗಳ ಮೊದಲು ಹೋಗುವುದು ಹಿರಿಯರ ಮುಂದೆ. ಅವರು ಎರಡೂ ಕಡೆ ಕೇಳುತ್ತಾರೆ, ಒಬ್ಬರಿಗೆ ಬೈಯುತ್ತಾರೆ, ಇನ್ನೊಬ್ಬರಿಗೆ ‘ಹೊಂದಿಕೊಂಡು ಹೋಗಮ್ಮ’ ಅನ್ನುತ್ತಾರೆ, ಕಾಫಿ ಕುಡಿದು ಏಳುತ್ತಾರೆ. ಥೆರಪಿಗೆ ಬರುವವರೂ ಬಹಳ ಮಂದಿ ಅದನ್ನೇ ನಿರೀಕ್ಷಿಸಿ ಬರುತ್ತಾರೆ. ‘ಮೇಡಂ, ನೀವೇ ಹೇಳಿ, ಇದು ಸರೀನಾ?’ ಅನ್ನುವ ಪ್ರಶ್ನೆ ಮೊದಲ ಹತ್ತು ನಿಮಿಷದಲ್ಲೇ ಬೀಳುತ್ತದೆ. ಒಳ್ಳೆಯ ಥೆರಪಿಸ್ಟ್ ಅದಕ್ಕೆ ತೀರ್ಪು ಕೊಡುವುದಿಲ್ಲ. ಯಾರು ತಪ್ಪು ಎಂದು ಕೇಳದೆ, ಜಗಳ ಯಾವ ಜಾಡಿನಲ್ಲಿ ಓಡುತ್ತದೆ ಎಂದು ಕೇಳುತ್ತಾರೆ. ಹೆಂಡತಿ ಕೇಳಿದಷ್ಟೂ ಗಂಡ ಸುಮ್ಮನಾಗುತ್ತಾನೆ, ಅವನು ಸುಮ್ಮನಾದಷ್ಟೂ ಅವಳ ದನಿ ಏರುತ್ತದೆ. ‘ಅವಳು ಕೂಗಾಡುವುದಕ್ಕೇ ನಾನು ಸುಮ್ಮನಾಗೋದು’ ಎಂದು ಅವನು, ‘ಅವರು ಮಾತಾಡದ್ದಕ್ಕೇ ನಾನು ಕೂಗೋದು’ ಎಂದು ಅವಳು. ಎರಡೂ ನಿಜ. ಮನಶ್ಶಾಸ್ತ್ರಜ್ಞರಾದ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ 1980ರ ದಶಕದಲ್ಲಿ ಕಟ್ಟಿದ, ಭಾವನೆಯನ್ನೇ ಕೇಂದ್ರದಲ್ಲಿಟ್ಟ ದಂಪತಿ ಚಿಕಿತ್ಸೆ ಇಲ್ಲಿಂದಲೇ ಶುರುವಾಗುತ್ತದೆ: ಬೆನ್ನು ಹತ್ತುವವರು ಒಬ್ಬರು, ಹಿಂದೆ ಸರಿಯುವವರು ಇನ್ನೊಬ್ಬರು, ರಿಪೇರಿ ಆಗಬೇಕಾದದ್ದು ಆ ಸುತ್ತು.

ಶುರುವಾಗುವ ಕ್ರಮ ಹೀಗೆ. ಮೊದಲ ಸೆಷನ್ ಇಬ್ಬರೂ ಜೊತೆಯಲ್ಲಿ, 90 ನಿಮಿಷ. ಆಮೇಲೆ ಇಬ್ಬರಿಗೂ ಬೇರೆ ಬೇರೆಯಾಗಿ ಒಂದೊಂದು, 50 ನಿಮಿಷ. ನಾಲ್ಕನೆಯದಕ್ಕೆ ಮತ್ತೆ ಜೊತೆ ಕೂರಿಸಿ, ಕಂಡದ್ದೇನು, ಏನು ಮಾಡಬಹುದು, ಸುಮಾರು ಎಷ್ಟು ಸೆಷನ್ ಬೇಕಾಗಬಹುದು ಎಂದು ಹೇಳುತ್ತಾರೆ. ಈ ನಾಲ್ಕನ್ನು ಬಿಟ್ಟು ಮೊದಲ ದಿನವೇ ಸಲಹೆ ಕೊಡುವವರ ಹತ್ತಿರ ದುಡ್ಡು ಕಳೆಯಬೇಡಿ.

ನಡುವಿನ ಆ ಎರಡು ಬೇರೆ ಸೆಷನ್‌ಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅನೇಕ ಕಡೆ ಖರ್ಚು ಉಳಿಸಲು ಇವನ್ನೇ ಬಿಡುತ್ತಾರೆ. ಹೊಡೆತ ಬಡಿತ ಇದೆಯೇ, ಮನೆಯಲ್ಲಿ ಭಯವಿದೆಯೇ, ಸಾಯಬೇಕು ಅನ್ನಿಸುತ್ತಿದೆಯೇ, ಕುಡಿತ ಎಷ್ಟು, ಬೇರೆ ಸಂಬಂಧ ಇದೆಯೇ ಎಂದು ನೇರವಾಗಿ ಕೇಳಲು ಸಿಗುವ ಜಾಗ ಅದೊಂದೇ. ಭಯ ಇದ್ದರೆ ಜೋಡಿ ಸೆಷನ್ ಮಾಡಬಾರದು. ರೂಮಿನಲ್ಲಿ ಧೈರ್ಯವಾಗಿ ಆಡಿದ ಮಾತಿಗೆ ಮನೆಗೆ ಹೋದ ಮೇಲೆ ಏಟು ಬೀಳುತ್ತದೆ. ಅಂಥ ಸಂದರ್ಭದಲ್ಲಿ ಜೋಡಿ ಕೆಲಸ ನಿಲ್ಲಿಸಿ ಮಹಿಳಾ ಸಹಾಯವಾಣಿ 181, ನೊಂದ ಹೆಂಗಸರಿಗಾಗಿ ಇರುವ ಸಾಂತ್ವನ ಕೇಂದ್ರ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಿಗುವ ರಕ್ಷಣೆಯ ದಾರಿ ತೋರಿಸುವುದೇ ಸರಿಯಾದ ಚಿಕಿತ್ಸೆ.

ಗುಟ್ಟಿನ ನಿಯಮವೂ ಮೊದಲ ದಿನವೇ ಬಾಯಿಬಿಟ್ಟು ಹೇಳಿರಬೇಕು, ಕಾಗದದಲ್ಲೂ ಇರಬೇಕು. ಒಬ್ಬರು ಒಂಟಿಯಾಗಿ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗುತ್ತದೆಯೇ? ಇಲ್ಲಿನ ನಿಯಮ ಇಷ್ಟು: ‘ನಿಮ್ಮ ಗುಟ್ಟನ್ನು ನಾನಾಗಿ ಹೇಳುವುದಿಲ್ಲ. ಆದರೆ ಚಿಕಿತ್ಸೆಗೇ ಅಡ್ಡ ಬರುವಂಥದ್ದಾದರೆ, ನೀವೇ ಹೇಳುವುದಕ್ಕೆ ಸಹಾಯ ಮಾಡುತ್ತೇನೆ. ಹೇಳಲು ಒಪ್ಪದಿದ್ದರೆ ಜೋಡಿ ಸೆಷನ್ ಮುಂದುವರಿಸುವುದಿಲ್ಲ.’ ಈ ನಿಯಮವಿಲ್ಲದೆ ಗುಟ್ಟು ಹೊತ್ತ ಥೆರಪಿಸ್ಟ್ ಗೊತ್ತಿಲ್ಲದೆಯೇ ಒಂದು ಕಡೆಗೆ ವಾಲುತ್ತಾರೆ. ಗೋಪ್ಯತೆಗೂ ಮಿತಿಯಿದೆ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ: ಈ ಮೂರರಲ್ಲಿ ಬಾಯಿ ಬಿಡಲೇಬೇಕು. ಮೂರನೆಯದನ್ನು ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಕಡ್ಡಾಯ.

ಎರಡನೆಯ ವಾರ ಮೇಜಿನ ಮೇಲೆ ದೊಡ್ಡ ಹಾಳೆ ಬರುತ್ತದೆ, ಜೀನೋಗ್ರಾಂ ಅಂದರೆ ಮನೆತನದ ಸಂಬಂಧಗಳ ನಕ್ಷೆ ಬರೆಯಲು. ಅಮೆರಿಕದ ಮನೋವೈದ್ಯ ಮರ್ರೆ ಬೊವೆನ್ ಅವರ ಪರಂಪರೆಯಿಂದ ಬಂದ ಸಾಧನ ಇದು. ಮೂರು ತಲೆಮಾರು ಬರೆಯಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಗುರುತಿನ ಮೇಲೆ ಗುಣಾಕಾರ ಚಿಹ್ನೆ, ವಯಸ್ಸು ಒಳಗೆ. ಜಗಳವಿದ್ದರೆ ಇಬ್ಬರ ನಡುವೆ ಅಂಕುಡೊಂಕು ಗೆರೆ, ಅತಿಯಾದ ಅಂಟಿದ್ದರೆ ಮೂರು ಗೆರೆ, ಮಾತೇ ಬಿಟ್ಟಿದ್ದರೆ ತುಂಡಾದ ಗೆರೆ. ನೋಡುವುದಕ್ಕೆ ವಂಶವೃಕ್ಷದ ಹಾಗೇ ಇದ್ದರೂ ಓದುವ ರೀತಿ ಬೇರೆ. ತಾಯಿ ಮಗನ ನಡುವೆ ಮೂರು ಗೆರೆ, ಅದೇ ತಾಯಿ ಮತ್ತು ಅವರ ಗಂಡನ ನಡುವೆ ತುಂಡು ಗೆರೆ ಕಂಡರೆ, ಸೊಸೆ ಬಂದ ಮೇಲೆ ಏಕೆ ಗದ್ದಲ ಎದ್ದಿತು ಎಂದು ಯಾರೂ ವಿವರಿಸಬೇಕಿಲ್ಲ. ಇಬ್ಬರ ನಡುವಿನ ಬಿಗಿ ತಡೆಯಲಾಗದೆ ಮೂರನೆಯವರನ್ನು ಎಳೆದುಕೊಳ್ಳುವುದನ್ನು ಬೊವೆನ್ ತ್ರಿಕೋನ ಎಂದರು. ಹಾಳೆಯ ಮೇಲೆ ಆ ತ್ರಿಕೋನ ಕಣ್ಣಿಗೆ ಬೀಳುತ್ತದೆ. ಇಲ್ಲಿ ಆಗುವ ಎಡವಟ್ಟು ಒಂದೇ. ಕೆಲವರು ಆ ಹಾಳೆಯ ಫೋಟೊ ತೆಗೆದು ಮನೆಯಲ್ಲಿ ‘ನೋಡು, ನಿಮ್ಮ ಮನೆಯವರೇ ಹೀಗೆ’ ಎಂದು ಆಯುಧ ಮಾಡಿಕೊಳ್ಳುತ್ತಾರೆ. ಹಾಳೆ ಕ್ಲಿನಿಕ್‌ನಲ್ಲೇ ಇರಲಿ.

ಜೋಡಿ ಸೆಷನ್‌ನ ಮೂಲ ಕಸರತ್ತು ಬಹಳ ಸರಳ, ಮಾಡುವುದು ಮಾತ್ರ ಕಷ್ಟ. ಒಬ್ಬರು ಐದು ನಿಮಿಷ ಒಂದೇ ವಿಷಯ ಮಾತಾಡಬೇಕು. ಇನ್ನೊಬ್ಬರು ಕೇಳಿಸಿಕೊಂಡದ್ದನ್ನು ತಮ್ಮ ಮಾತಲ್ಲಿ ಹೇಳಿ, ‘ನಾನು ಸರಿಯಾಗಿ ಅರ್ಥ ಮಾಡಿಕೊಂಡೆನಾ?’ ಎಂದು ಕೇಳಬೇಕು. ಹೌದು ಅನ್ನಿಸಿಕೊಂಡ ಮೇಲೆಯೇ ಸರದಿ ಬದಲು. ಕೆಡುವುದು ಎರಡು ಕಡೆ: ಗಿಳಿಪಾಠದ ಹಾಗೆ ಒಪ್ಪಿಸುವುದು, ಕೊನೆಯಲ್ಲಿ ‘ಆದರೆ’ ಸೇರಿಸುವುದು. ಮನೆಯಲ್ಲಿ ವಾರಕ್ಕೆ ಒಂದು ಸಲ, 20 ನಿಮಿಷ, ಫೋನ್ ಇನ್ನೊಂದು ರೂಮಿನಲ್ಲಿಟ್ಟು ಮಾಡಬೇಕು. ರಾತ್ರಿ ಹತ್ತರ ಮೇಲೆ ಬೇಡ.

ಜಗಳ ಕಾವೇರಿದಾಗ ಬಿಡುವು ತೆಗೆದುಕೊಳ್ಳುವುದಕ್ಕೂ ನಿಯಮವಿದೆ. ದಾಂಪತ್ಯದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಅವರ ಸಂಶೋಧನೆಯ ಪ್ರಕಾರ ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ, ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು. ಆದ್ದರಿಂದ ಬಿಡುವು ಕೇಳಿದವರು ಮತ್ತೆ ಯಾವಾಗ ಕೂರೋಣ ಎಂದು ಹೇಳಿಯೇ ಏಳಬೇಕು. ಹೇಳದೆ ಬಾಲ್ಕನಿಗೆ ಹೋಗುವುದು ಬಿಡುವಲ್ಲ, ಅದು ಹಳೆಯ ಜಾಡೇ. ಆ 20 ನಿಮಿಷ ಮನಸ್ಸಿನಲ್ಲೇ ವಾದ ಮುಂದುವರಿಸಿದರೂ ಪ್ರಯೋಜನವಿಲ್ಲ. ಬಟ್ಟೆ ಮಡಚಿ, ಗಿಡಕ್ಕೆ ನೀರು ಹಾಕಿ.

ಈ ಸೇವೆಯಲ್ಲಿ ನಿಜವಾಗಿ ಬೆಲೆಬಾಳುವುದು ಭಾಷೆ. ಸಂಸಾರ ಕೆಡಿಸುವ ವರ್ತನೆಗಳೆಂದು ಗಾಟ್ಮನ್ ಎಣಿಸುವ ಟೀಕೆ, ತಿರಸ್ಕಾರ, ತನ್ನನ್ನೇ ಸಮರ್ಥಿಸಿಕೊಳ್ಳುವುದು, ಮೌನದ ಗೋಡೆ ಎಂಬ ನಾಲ್ಕರಲ್ಲಿ ಅತಿ ಕೆಟ್ಟದ್ದು ತಿರಸ್ಕಾರ. ಕನ್ನಡದಲ್ಲಿ ಅದು ಬೈಗುಳದಲ್ಲಿ ಬರಬೇಕಿಲ್ಲ, ಬಹುವಚನದಲ್ಲೇ ಬರುತ್ತದೆ. ದಿನವೂ ‘ನೀನು’ ಅನ್ನುವವನು ತಟ್ಟನೆ ‘ತಾವು ದೊಡ್ಡವರು, ತಮಗೆ ಹೇಳೋಕಾಗುತ್ತಾ’ ಅಂದರೆ ಅದು ಮರ್ಯಾದೆಯಲ್ಲ. ‘ರೀ’ ಅನ್ನುತ್ತಿದ್ದವಳು ‘ನೀನು’ಗೆ ಇಳಿದದ್ದು ಯಾವ ವಾಕ್ಯದಲ್ಲಿ ಎಂದು ಥೆರಪಿಸ್ಟ್ ಅಲ್ಲೇ ನಿಲ್ಲಿಸಿ ತೋರಿಸುತ್ತಾರೆ. ‘ಬೇಜಾರು’ ಅನ್ನುವ ಪದವೂ ಹಾಗೆ. ದುಃಖ, ನೋವು, ಸುಸ್ತು, ಜಿಗುಪ್ಸೆ, ಒಂಟಿತನ ಎಲ್ಲಕ್ಕೂ ಅದೊಂದೇ. ‘ಯಾವ ಬೇಜಾರು? ನಿನ್ನೆ ಎದೆಯಲ್ಲಿ ಆಯಿತಾ, ತಲೆಯಲ್ಲಾ?’ ಎಂದು ಬಿಡಿಸಿ ಕೇಳಿದಾಗಲೇ ಕೆಲಸ ಶುರುವಾಗುವುದು. ಇಂಗ್ಲಿಷ್‌ನಲ್ಲಿ ಸೆಷನ್ ನಡೆದರೆ ಇದಷ್ಟೂ ಸೋರಿ ಹೋಗುತ್ತದೆ. ಮನೆಯಲ್ಲಿ ಯಾವ ಭಾಷೆಯಲ್ಲಿ ಜಗಳವಾಡುತ್ತೀರೋ ಆ ಭಾಷೆಯ ಥೆರಪಿಸ್ಟ್ ಹುಡುಕಿ.

ಇನ್ನು ಇಡೀ ಕುಟುಂಬದ ಸೆಷನ್. ಬಾಗಿಲು ತೆರೆದೊಡನೆ ಯಾರು ಎಲ್ಲಿ ಕೂರುತ್ತಾರೆ ಎನ್ನುವುದನ್ನು ಥೆರಪಿಸ್ಟ್ ಸುಮ್ಮನೆ ನೋಡುತ್ತಾರೆ. ಮಗು ಅಪ್ಪ ಅಮ್ಮನ ನಡುವಿನ ಕುರ್ಚಿ ಹಿಡಿದರೆ, ಸ್ವಲ್ಪ ಹೊತ್ತಿನ ಮೇಲೆ ಜಾಗ ಬದಲಾಯಿಸಿ ಗಂಡ ಹೆಂಡತಿಯನ್ನು ಪಕ್ಕಪಕ್ಕ ಕೂರಿಸುತ್ತಾರೆ. ಅರ್ಜೆಂಟೀನಾದಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡಿದ ಕುಟುಂಬ ಚಿಕಿತ್ಸಕ ಸಾಲ್ವಡಾರ್ ಮಿನುಚಿನ್ ಅವರ ರೀತಿ ಇದು: ಮನೆಯ ಒಳಗಿನ ಗಡಿಗಳನ್ನು ಬಾಯಲ್ಲಿ ಹೇಳುವ ಬದಲು ಕುರ್ಚಿಯಲ್ಲೇ ಸರಿಪಡಿಸುವುದು. ಇಟಲಿಯ ಮಿಲಾನ್‌ನ ಕುಟುಂಬ ಚಿಕಿತ್ಸಕರ ತಂಡದಿಂದ ಬಂದದ್ದು ಸುತ್ತು ಪ್ರಶ್ನೆ. ಅತ್ತೆ ಸೊಸೆಯ ಜಗಳದ ಬಗ್ಗೆ ಅವರಿಬ್ಬರನ್ನೂ ಬಿಟ್ಟು ಮೂರನೆಯವರನ್ನು ಕೇಳುತ್ತಾರೆ: ‘ಅಜ್ಜಿ ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಇಟ್ಟಾಗ ಅಪ್ಪ ಏನು ಮಾಡ್ತಾರೆ ಪುಟ್ಟ?’ ‘ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ.’ ಅಲ್ಲಿಯವರೆಗೆ ಇಬ್ಬರು ಹೆಂಗಸರ ಜಗಳ ಎನಿಸಿದ್ದರಲ್ಲಿ ಮೂರನೆಯ ಪಾಲುದಾರ ಸಿಕ್ಕಿಬಿದ್ದ. ಆದರೆ ಮಗುವಿನ ಬಾಯಿಂದ ಸಾಕ್ಷಿ ಹೇಳಿಸುವ ಮಟ್ಟಕ್ಕೆ ಇದು ಹೋಗಬಾರದು. ಒಂದೆರಡು ಪ್ರಶ್ನೆ ಸಾಕು, ಆಮೇಲೆ ಮಗುವನ್ನು ಹೊರಗೆ ಆಟಕ್ಕೆ ಕಳಿಸಬೇಕು.

ಹಿರಿಯರನ್ನು ಕರೆತರುವಾಗ ‘ಡಾಕ್ಟರ್ ನಿಮ್ಮನ್ನು ಕರೆದಿದ್ದಾರೆ’ ಅನ್ನಬೇಡಿ, ಆರೋಪಿಯ ಹಾಗೆ ಬಂದು ಕೂರುತ್ತಾರೆ. ಇಲ್ಲಿನ ಥೆರಪಿಸ್ಟ್ ಮೊದಲ ಮಾತು ಅತ್ತೆಯವರ ಹತ್ತಿರವೇ ಆಡುತ್ತಾರೆ, ‘ಅಮ್ಮ, ಈ ಮನೆಯನ್ನು ಇಷ್ಟು ವರ್ಷ ನಡೆಸಿದವರು ನೀವು, ನಿಮಗೆ ಏನು ಕಾಣುತ್ತಿದೆ ಹೇಳಿ’ ಎಂದು. ಸೊಸೆಯರಿಗೆ ಆ ಕ್ಷಣ ಮೋಸ ಹೋದಂತೆ ಅನ್ನಿಸುವುದುಂಟು. ಎರಡು ಸೆಷನ್ ತಾಳಿ. ಮರ್ಯಾದೆ ಸಿಕ್ಕ ಹಿರಿಯರು ಜಾಗ ಬಿಟ್ಟುಕೊಡುವುದು ಬೇಗ.

ಸಂಗಾತಿ ಬರಲು ಒಪ್ಪದಿದ್ದರೆ ಒಬ್ಬರೇ ಹೋಗಬಹುದು. ಸುತ್ತಿನಲ್ಲಿ ಒಬ್ಬರ ಹೆಜ್ಜೆ ಬದಲಾದರೂ ಸುತ್ತು ಹಾಗೇ ಉಳಿಯುವುದಿಲ್ಲ. ಅಪಾಯವೆಂದರೆ, ಹತ್ತು ಹದಿನೈದು ಸೆಷನ್ ಒಬ್ಬರ ಕಥೆಯನ್ನೇ ಕೇಳಿದ ಥೆರಪಿಸ್ಟ್ ಆಮೇಲೆ ಜೋಡಿಯ ಥೆರಪಿಸ್ಟ್ ಆಗಲಾರರು. ಜೋಡಿಗೆ ಬೇರೆಯವರನ್ನು ಸೂಚಿಸಬೇಕು. ಖಿನ್ನತೆ, ಕುಡಿತದ ಚಟ ಇದ್ದರೆ ಮನೋವೈದ್ಯರ ಚಿಕಿತ್ಸೆ ಜೊತೆಯಲ್ಲೇ ನಡೆಯಬೇಕು, ಮಾತಿನಿಂದಲೇ ಎಲ್ಲ ಸರಿಯಾಗುತ್ತದೆ ಎನ್ನುವವರನ್ನು ನಂಬಬೇಡಿ.

ಕೊರತೆಗಳೂ ಇವೆ. ಸಂಜೆ ಆರರಿಂದ ಎಂಟರ ಹೊತ್ತು ವಾರಗಟ್ಟಲೆ ಖಾಲಿ ಇರುವುದಿಲ್ಲ. ಹೋಂವರ್ಕ್ ಹಾಳೆಗಳು ಇಂಗ್ಲಿಷ್‌ನಲ್ಲಿವೆ, ಹಿರಿಯರಿಗೆ ಉಪಯೋಗವಿಲ್ಲ. ಐದು ಜನ ಕೂತರೆ 50 ನಿಮಿಷ ಏನಕ್ಕೂ ಸಾಲದು, 90 ಕೇಳಿ ಪಡೆಯಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆ ದುಡ್ಡಿನ ಮಾತು. ಸೈಟು, ಒಡವೆ, ಇಎಂಐ, ತವರಿಗೆ ಕಳಿಸುವ ಹಣ ಅರ್ಧ ಜಗಳದ ಬುಡದಲ್ಲಿರುತ್ತವೆ. ಥೆರಪಿಸ್ಟ್ ತಾವಾಗಿ ಅದನ್ನು ಎತ್ತಲಿಲ್ಲ, ನಾವೇ ತರಬೇಕಾಯಿತು. ಆನ್‌ಲೈನ್ ಸೆಷನ್ ದೂರದವರಿಗೆ ಅನುಕೂಲ, ಆದರೆ ಕೂಡುಕುಟುಂಬದ ಮನೆಯಲ್ಲಿ ಗೋಡೆಗೂ ಕಿವಿ. ಇಬ್ಬರೂ ಒಂದೇ ಫೋನಿಗೆ ಮುಖ ತೂರಿಸಿದರೆ ಥೆರಪಿಸ್ಟ್‌ಗೆ ಒಬ್ಬರು ಮಾತಾಡುವಾಗ ಇನ್ನೊಬ್ಬರ ಮುಖ ಕಾಣುವುದಿಲ್ಲ. ಲ್ಯಾಪ್‌ಟಾಪ್ ಆರಡಿ ದೂರವಿಟ್ಟು ಇಬ್ಬರೂ ಪೂರ್ತಿ ಕಾಣುವಂತೆ ಕೂರಿ.

ಬಹಳ ಮಂದಿ ಬಿಟ್ಟುಹೋಗುವುದು ಮೂರು, ನಾಲ್ಕನೆಯ ಸೆಷನ್‌ಗೆ. ಒಂದೋ ಜಗಳ ನಿಂತಿರುತ್ತದೆ, ಇಲ್ಲವೇ ಹೆಚ್ಚಾಗಿರುತ್ತದೆ. ಎರಡಕ್ಕೂ ಕಾರಣ ಒಂದೇ, ಮುಚ್ಚಿಟ್ಟದ್ದು ಈಗಷ್ಟೇ ಹೊರಗೆ ಬಂದಿದೆ. ಜಾನ್ಸನ್ ಅವರ ಪದ್ಧತಿ ಸಾಮಾನ್ಯವಾಗಿ 8ರಿಂದ 20 ಸೆಷನ್ ಎಣಿಸುತ್ತದೆ, ಅಷ್ಟಕ್ಕೆ ಮನಸ್ಸನ್ನೂ ಜೇಬನ್ನೂ ಸಿದ್ಧ ಮಾಡಿಕೊಂಡು ಹೋಗುವುದು ಒಳ್ಳೆಯದು.

‘ಕೌನ್ಸೆಲರ್’ ಎಂದು ಬೋರ್ಡು ಹಾಕಿದವರೆಲ್ಲ ತರಬೇತಿ ಪಡೆದವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಿ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಆದರೆ ಎಲ್ಲಿ ಎಂ.ಫಿಲ್ ಮಾಡಿದರು, ಕುಟುಂಬ ಚಿಕಿತ್ಸೆಯಲ್ಲಿ ಯಾರ ಮೇಲ್ವಿಚಾರಣೆಯಲ್ಲಿ ಕಲಿತರು ಎಂದು ಕೇಳಿ. ಫೋನಿನಲ್ಲೇ ಕೇಳಬಹುದು, ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಖಾಸಗಿ ಫೀಸು ಭರಿಸಲು ಆಗದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯ ಕೇಂದ್ರವೇ ಇದೆ. ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು.

ಮುಗಿಸುವಾಗ ನಮ್ಮ ಥೆರಪಿಸ್ಟ್ ಒಮ್ಮೆಲೇ ನಿಲ್ಲಿಸುವುದಿಲ್ಲ. ವಾರಕ್ಕೊಂದು ಇದ್ದದ್ದು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ, ಕೊನೆಗೆ ಮೂರು ತಿಂಗಳ ನಂತರ ಒಂದು. ಆ ಕೊನೆಯದರ ಫೀಸು ಪ್ಯಾಕೇಜಿನಲ್ಲಿ ಸೇರಿರುವುದಿಲ್ಲ, ಮೊದಲೇ ಕೇಳಿಕೊಳ್ಳಿ.